ಸ್ಲೀವ್ ಆಪರೇಷನ್ ಆದಮೇಲೆ ಫಿಲ್ಟರ್ ಕಾಫಿ ಯಾವಾಗ ಶುರು ಮಾಡಬಹುದು?

ಸಕಲೇಶಪುರ ಸೊಸೆ:
ಎಲ್ಲರಿಗೂ ನಮಸ್ಕಾರ. ತೂಕ ಇಳಿಸಲು ನನಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ (ಹೊಟ್ಟೆಯ ಹೆಚ್ಚಿನ ಭಾಗ ತೆಗೆಯುವ ಆಪರೇಷನ್) ಆಗಿ ಮೂರು ವಾರ ದಾಟಿದೆ. ಹೊರಗಿನ ಗಾಯಗಳು ಒಣಗಿವೆ. ಮನೆಯೊಳಗೆ, ಅಂಗಳದಲ್ಲಿ ಓಡಾಡುತ್ತಿದ್ದೇನೆ. ಊಟದಲ್ಲಿ ಬೇಳೆ ಕಟ್ಟು, ಮೊಸರು, ನುಣ್ಣಗೆ ಅರೆದ ತರಕಾರಿ ತನಕ ಬಂದಿದ್ದೇನೆ.

ನನ್ನ ಪ್ರಶ್ನೆ ಕಾಫಿ ಬಗ್ಗೆ. ಡಿಸ್ಚಾರ್ಜ್ ಚೀಟಿಯಲ್ಲಿ ಕಾಫಿ, ಟೀ, ಸೋಡಾ ಬೇಡ ಎಂದು ಬರೆದಿದ್ದಾರೆ. ಎಷ್ಟು ದಿನ ಅಂತ ಇಲ್ಲ. ಡಯಟಿಷಿಯನ್ ಕೇಳಿದರೆ ಕನಿಷ್ಠ ಒಂದು ತಿಂಗಳು ಅಂದರು. ಬೇರೆ ಊರಲ್ಲಿ ಇದೇ ಆಪರೇಷನ್ ಮಾಡಿಸಿಕೊಂಡ ನನ್ನ ನಾದಿನಿಗೆ ಮೂರು ತಿಂಗಳು ಅಂದಿದ್ದಾರಂತೆ. ಇನ್ನೊಬ್ಬರು ಜೀವನಪೂರ್ತಿ ಬಿಡಬೇಕು ಅಂತಾರೆ. ಯಾವುದನ್ನು ನಂಬಲಿ?

ನಮ್ಮದು ಕಾಫಿ ಬೆಳೆಯುವ ಮನೆ. ಯಾರು ಬಂದರೂ ಮೊದಲು ಕಾಫಿ, ಆಮೇಲೆ ಮಾತು. ನಮ್ಮ ಅತ್ತೆ ಪ್ರೀತಿಯಿಂದಲೇ "ಅರ್ಧ ಲೋಟ ಕುಡಿ ಮಗಾ, ಏನಾಗಲ್ಲ" ಅಂತ ದಿನಾ ಕೇಳುತ್ತಾರೆ. ಸುಮ್ನೆ ಬೇಡ ಅಂದರೆ ಅವರಿಗೆ ಬೇಜಾರು. ಯಾಕೆ ಬೇಡ ಅನ್ನುವುದು ಸರಿಯಾಗಿ ಗೊತ್ತಾದರೆ ಅವರಿಗೂ ಹೇಳಬಹುದು, ನಾನೂ ಗಟ್ಟಿಯಾಗಿರಬಹುದು. ಅನುಭವ ಇರುವವರು ದಯವಿಟ್ಟು ಹೇಳಿ.

ಬೈಟು ಕಾಫಿ:
ನನಗೂ ಸ್ಲೀವ್ ಆಗಿದೆ. ಆರನೇ ವಾರಕ್ಕೆ ಶುರು ಮಾಡಿದೆ. ಏನೂ ಆಗಲಿಲ್ಲ. ಒಂದು ಲೋಟ ಕಾಫಿಗೆ ಇಷ್ಟೊಂದು ಹೆದರುವುದು ಬೇಡ ಅಕ್ಕ.

ಬೈಪಾಸ್ ಆದವನು:
ನಿಮಗೆ ಏನೂ ಆಗಲಿಲ್ಲ ಅಂದಮಾತ್ರಕ್ಕೆ ಅವರಿಗೂ ಆಗಲ್ಲ ಅಂತ ಹೇಗೆ ಹೇಳುತ್ತೀರಿ? ಅವರಿಗೆ ಇನ್ನೂ ಮೂರೇ ವಾರ. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದಕ್ಕೆ ಉದ್ದಕ್ಕೂ ಸ್ಟೇಪಲ್ ಹಾಕಿರುತ್ತಾರೆ. ಹೊರಗಿನ ಗಾಯ ಒಣಗಿದ್ದು ಕಾಣುತ್ತದೆ, ಒಳಗಿನದು ಕಾಣಲ್ಲ. ಬಿಸಿ ಕಾಫಿ ಬಿದ್ದು ಹೊಲಿಗೆ ಬಿಚ್ಚಿಕೊಂಡರೆ ಯಾರು ಜವಾಬ್ದಾರಿ? ನಾನು ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್) ಆದಮೇಲೆ ಕಾಫಿ ಪೂರ್ತಿ ಬಿಟ್ಟೆ. ಈಗಲೂ ಮುಟ್ಟಲ್ಲ.

ಬೈಟು ಕಾಫಿ:
ಆರು ವಾರ ಅಂತ ಸ್ಪಷ್ಟವಾಗಿ ಬರೆದಿದ್ದೇನಲ್ಲ ಸರ್. ಇವತ್ತೇ ಕುಡಿಯಿರಿ ಅಂತ ಎಲ್ಲಿ ಹೇಳಿದೆ?

ಮೈಸೂರು ಡಯಟಿಷಿಯನ್:
ಈ ರೋಗಿಗಳ ಜೊತೆ ದಿನಾ ಕೆಲಸ ಮಾಡುವವಳು ನಾನು. ಮೊದಲು ಒಂದು ವಿಷಯ ಸರಿ ಮಾಡುತ್ತೇನೆ. ಕಾಫಿ ಕುಡಿದರೆ ಹೊಲಿಗೆ ಬಿಚ್ಚುತ್ತದೆ ಅನ್ನುವುದು ನಿಜವಲ್ಲ. ಸ್ಟೇಪಲ್ ಲೈನ್ ಸೋರುವ ತೊಂದರೆ ಅಪರೂಪಕ್ಕೆ ಆಗುತ್ತದೆ, ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ. ಅದಕ್ಕೆ ಕಾರಣಗಳೇ ಬೇರೆ. ಹೆದರಿಸಿ ಬಿಡಿಸಿದರೆ ಜನ ಕದ್ದು ಕುಡಿಯುತ್ತಾರೆ, ನಮಗೆ ಹೇಳುವುದಿಲ್ಲ. ಅದು ಇನ್ನೂ ಅಪಾಯ.

ಹಾಗಾದರೆ ಯಾಕೆ ಬೇಡ ಅನ್ನುತ್ತೇವೆ? ಕಾಫಿ ಹೊಟ್ಟೆಯಲ್ಲಿ ಆಸಿಡ್ ಹೆಚ್ಚಿಸುತ್ತದೆ. ಒಳಗೆ ಇನ್ನೂ ಹಸಿ ಗಾಯ ಇರುವಾಗ ಅದು ಉರಿ, ವಾಕರಿಕೆ ತರಬಹುದು. ಸ್ಲೀವ್ ಆದವರಲ್ಲಿ ಎದೆಯುರಿ ಮೊದಲೇ ಜಾಸ್ತಿ. ಹೊಟ್ಟೆ ಈಗ ಕಿರಿದಾದ ಕೊಳವೆ. ಒಳಗಿನ ಒತ್ತಡ ಜಾಸ್ತಿ ಇರುತ್ತದೆ, ಆಸಿಡ್ ಸುಲಭವಾಗಿ ಮೇಲಕ್ಕೆ ಬರುತ್ತದೆ. ನಿಮಗೆ ಕೊಟ್ಟಿರುವ ಪ್ಯಾಂಟೊಪ್ರಜೋಲ್ ತರಹದ ಮಾತ್ರೆ ಇದಕ್ಕೇ. ಒಂದು ಕಡೆ ಆಸಿಡ್ ಕಡಿಮೆ ಮಾಡಲು ಮಾತ್ರೆ ನುಂಗಿ, ಇನ್ನೊಂದು ಕಡೆ ಗಟ್ಟಿ ಡಿಕಾಕ್ಷನ್ ಕುಡಿದರೆ ಏನು ಪ್ರಯೋಜನ?

ಇನ್ನೊಂದು ಕಾರಣ ಜಾಗ. ನನ್ನ ಪ್ರಕಾರ ಮೊದಲ ತಿಂಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಈಗ ನೀವು ಗುಟುಕು ಗುಟುಕಾಗಿ ಕುಡಿಯುತ್ತೀರಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರಿನಂಶ, 60 ಗ್ರಾಂ ಪ್ರೋಟೀನ್ ಒಳಗೆ ಹೋಗಬೇಕು. ಹೆಚ್ಚಿನವರಿಗೆ ಅದೇ ಮುಟ್ಟುವುದಿಲ್ಲ. ನೀರು ಸಾಲದೆ ಮತ್ತೆ ಅಡ್ಮಿಟ್ ಆಗುವುದು ಈ ಆಪರೇಷನ್ ಆದವರಲ್ಲಿ ಸಾಮಾನ್ಯ. ಅರ್ಧ ಲೋಟ ಕಾಫಿ ಕುಡಿದರೆ ಅಷ್ಟು ಹೊತ್ತು ನೀರೂ ಹೋಗಲ್ಲ, ಪ್ರೋಟೀನೂ ಹೋಗಲ್ಲ.

ಎಷ್ಟು ದಿನ ಅನ್ನುವುದಕ್ಕೆ ಎಲ್ಲ ಕಡೆ ಒಂದೇ ಉತ್ತರ ಇಲ್ಲ. ಒಂದು ತಿಂಗಳು ಅನ್ನುವವರಿದ್ದಾರೆ, ಮೂರು ತಿಂಗಳು ಅನ್ನುವವರಿದ್ದಾರೆ. ಆಪರೇಷನ್ ಯಾವುದು, ಎದೆಯುರಿ ಇದೆಯಾ, ರಕ್ತ ಕಡಿಮೆ ಇದೆಯಾ, ಇದೆಲ್ಲ ನೋಡಿ ಹೇಳುತ್ತಾರೆ. ನಿಮ್ಮ ನಾದಿನಿಗೆ ಮೂರು ತಿಂಗಳು ಅಂದಿದ್ದರೆ ಅವರಿಗೆ ಬೇರೆ ಕಾರಣ ಇರಬಹುದು. ನಿಮ್ಮ ಟೀಮ್ ಹೇಳಿದ್ದನ್ನೇ ಹಿಡಿದುಕೊಳ್ಳಿ.

ಸಕಲೇಶಪುರ ಸೊಸೆ:
ತುಂಬಾ ಥ್ಯಾಂಕ್ಸ್ ಮೇಡಂ. ನೀರಿನ ವಿಷಯ ನಿಜ. ಒಂದು ಲೀಟರ್ ದಾಟಿಸುವಷ್ಟರಲ್ಲಿ ಸಂಜೆ ಆಗಿರುತ್ತದೆ. ಮೊದಲ ಮೂರ್ನಾಲ್ಕು ದಿನ ತಲೆನೋವು ಭಯಂಕರ ಇತ್ತು. ಅದು ಆಪರೇಷನ್‌ದಾ, ಕಾಫಿ ಬಿಟ್ಟಿದ್ದಕ್ಕಾ ಗೊತ್ತಾಗಲಿಲ್ಲ.

ಜಯನಗರ ನಾಲ್ಕನೇ ಬ್ಲಾಕ್:
ಕಾಫಿ ಬಿಟ್ಟಿದ್ದಕ್ಕೇ ಇರಬೇಕು. ನನಗೆ ಆಪರೇಷನ್ ಇಲ್ಲದೆಯೂ ಏಕಾದಶಿ ಉಪವಾಸದ ದಿನ ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದೆ.

ಔಷಧಿ ಅಂಗಡಿ:
ಕೆಫೀನ್ ನಿಂತ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ. ಒಂದೆರಡು ದಿನ ಜೋರಾಗಿರುತ್ತದೆ. ಕೆಲವರಿಗೆ ವಾರದ ತನಕ ಎಳೆಯುತ್ತದೆ. ಅದಕ್ಕೇ ಆಪರೇಷನ್ ದಿನ ಗೊತ್ತಾದ ಕೂಡಲೇ ನಿಧಾನವಾಗಿ ಕಡಿಮೆ ಮಾಡುತ್ತಾ ಬರಬೇಕು. ನಾಲ್ಕು ಲೋಟ ಕುಡಿಯುವವರು ಮೂರಕ್ಕೆ, ಎರಡಕ್ಕೆ, ಆಮೇಲೆ ಅರ್ಧಕ್ಕೆ ಇಳಿಯಬೇಕು. ಮುಂದೆ ಆಪರೇಷನ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತಿನಿಂದಲೇ ಶುರು ಮಾಡಿ.

ಒಂದು ಮಾತು ಎಲ್ಲರೂ ಗಮನಿಸಿ. ತಲೆನೋವು ಅಂತ ಅಂಗಡಿಗೆ ಬಂದು ಸಿಕ್ಕಿದ ಮಾತ್ರೆ ಕೇಳಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ಇವೆಲ್ಲ ಹೊಟ್ಟೆಗೆ ಹುಣ್ಣು ತರುವ ಗುಂಪಿನವು. ಬೈಪಾಸ್ ಆದವರಿಗಂತೂ ಜೋಡಣೆ ಜಾಗದಲ್ಲಿ ಅಲ್ಸರ್ ಆಗಬಹುದು. ನಮ್ಮಲ್ಲಿ ಪ್ಯಾರಸಿಟಮಾಲ್ ಜೊತೆ ಇವನ್ನು ಸೇರಿಸಿದ ಮಾತ್ರೆಗಳೇ ಜಾಸ್ತಿ ಓಡುತ್ತವೆ. ಸ್ಟ್ರಿಪ್ ಹಿಂದೆ ಓದಿ. ಬರೀ ಪ್ಯಾರಸಿಟಮಾಲ್ ಕೇಳಿ. ಕಾಫಿಗಿಂತ ಈ ಮಾತ್ರೆಗಳ ಬಗ್ಗೆ ನನಗೆ ಹೆಚ್ಚು ಭಯ. ಹಾರ್ಟ್‌ಗೆ ಅಂತ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಮಾತ್ರ ನೀವೇ ನಿಲ್ಲಿಸಬೇಡಿ. ಡಾಕ್ಟರ್ ಕೇಳಿ.

ಬೈಪಾಸ್ ಆದವನು:
ಇದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ಜೊತೆಗೆ ಸಿಗರೇಟು. ನನ್ನ ವಾರ್ಡಿನಲ್ಲಿ ಒಬ್ಬರು ವರ್ಷದ ನಂತರ ಅಲ್ಸರ್ ಆಗಿ ಮತ್ತೆ ಬಂದಿದ್ದರು. ಕಾರಣ ಸಿಗರೇಟು ಮತ್ತು ಮಂಡಿನೋವಿನ ಮಾತ್ರೆ. ಹೊಲಿಗೆ ವಿಷಯ ಮೇಡಂ ಹೇಳಿದ್ದು ಒಪ್ಪುತ್ತೇನೆ, ಆದರೆ ಮೂರನೇ ವಾರಕ್ಕೆ ಕಾಫಿ ಬೇಡ ಅನ್ನುವುದನ್ನು ಮಾತ್ರ ಬಿಡಲ್ಲ.

ಹುಬ್ಬಳ್ಳಿ ಚಾ:
ನಮ್ಮ ಕಡೆ ಕಾಫಿ ಕಡಿಮೆ ರೀ, ಚಹಾನೇ ಎಲ್ಲ. ನಮ್ಮಣ್ಣನಿಗೆ ಬೈಪಾಸ್ ಆಗಿ ಮೂರು ವರ್ಷ ಆಗಿದೆ. ಅಂಗಡಿಯಲ್ಲಿ ಕೂತು ದಿನಕ್ಕೆ ಆರೇಳು ಕಪ್ ಚಹಾ ಕುಡಿಯುತ್ತಾನೆ. ಕಾಫಿಯಷ್ಟು ಕೆಫೀನ್ ಇರಲ್ಲ, ಏನಾಗಲ್ಲ ಅಂತಾನೆ. ಹೌದೇನ್ರೀ?

ಮೈಸೂರು ಡಯಟಿಷಿಯನ್:
ಕೆಫೀನ್ ಲೆಕ್ಕ ಸರಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 150 ಮಿಲಿ ಕಪ್ಪಿನ ಲೆಕ್ಕ ಕೊಟ್ಟಿದ್ದಾರೆ. ಬ್ರೂ ಮಾಡಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್‌ನಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅಂತ ಅದರಲ್ಲೇ ಇದೆ. ಆರೇಳು ಕಪ್ ಚಹಾ ಕುಡಿದರೆ ಆ ಗೆರೆ ದಾಟಿಬಿಡಬಹುದು.

ಆದರೆ ನಿಮ್ಮಣ್ಣನ ವಿಷಯದಲ್ಲಿ ನನಗೆ ಚಿಂತೆ ಕೆಫೀನ್ ಬಗ್ಗೆ ಅಲ್ಲ. ಚಹಾದಲ್ಲಿ ಟ್ಯಾನಿನ್ ಜಾಸ್ತಿ. ಅದು ಕಬ್ಬಿಣಾಂಶವನ್ನು ಹಿಡಿದುಕೊಂಡು ದೇಹಕ್ಕೆ ಸೇರದ ಹಾಗೆ ಮಾಡುತ್ತದೆ. 1983ರಲ್ಲಿ ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದರು. ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣ ಹೀರುವುದು ಶೇ. 39ರಷ್ಟು ಕಡಿಮೆ ಆಯಿತು. ಚಹಾ ಕುಡಿದಾಗ ಶೇ. 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ತೊಂದರೆ ಕಾಣಲಿಲ್ಲ. ಊಟ ಆಗಿ ಒಂದು ಗಂಟೆಗೆ ಕುಡಿದರೆ ಜೊತೆಯಲ್ಲಿ ಕುಡಿದಷ್ಟೇ ಅಡ್ಡಿಯಾಯಿತು. ಅದು ಮಾಮೂಲಿ ಹೊಟ್ಟೆ ಇರುವವರಲ್ಲಿ. ಕಬ್ಬಿಣ ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್‌ನಲ್ಲಿ ಆಹಾರ ಆ ಭಾಗವನ್ನೇ ಬಿಟ್ಟು ಮುಂದೆ ಹೋಗುತ್ತದೆ. ಅದರ ಮೇಲೆ ಆರು ಕಪ್ ಚಹಾ ಅಂದರೆ ಯೋಚನೆ ಮಾಡಿ.

ಅವರು ಐರನ್, ಬಿ12 ತಗೊಳ್ಳುತ್ತಿದ್ದಾರಾ? ಕೊನೆಯ ಬಾರಿ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ?

ಹುಬ್ಬಳ್ಳಿ ಚಾ:
ಮೊದಲ ವರ್ಷ ತಗೊಂಡ. ಆಮೇಲೆ ಎಲ್ಲ ಬಿಟ್ಟಿದ್ದಾನೆ. ತೂಕ ಇಳಿದಿದೆ, ಶುಗರ್ ಹೋಗಿದೆ, ಇನ್ನೇನು ಮಾತ್ರೆ ಅಂತಾನೆ. ಈಗ ಮೆಟ್ಟಿಲು ಹತ್ತಿದರೆ ಏದುಸಿರು. ಇತ್ತೀಚೆಗೆ ಫ್ರಿಜ್ಜಿನಿಂದ ಐಸ್ ತೆಗೆದು ಕಟಕಟ ಅಗಿಯುತ್ತಾನೆ.

ಮೈಸೂರು ಡಯಟಿಷಿಯನ್:
ಐಸ್ ಅಗಿಯಬೇಕು ಅನ್ನಿಸುವುದು ಕಬ್ಬಿಣ ಕಡಿಮೆ ಆದವರಲ್ಲಿ ಕಾಣುವ ಲಕ್ಷಣ. ದಯವಿಟ್ಟು ನಾಳೆಯೇ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12 ಮಾಡಿಸಿ. ಈ ಆಪರೇಷನ್ ಆದವರಿಗೆ ವಿಟಮಿನ್ ಮಾತ್ರೆ ಜೀವನಪೂರ್ತಿ. ತೂಕ ಇಳಿದ ಮೇಲೂ ನಿಲ್ಲಿಸುವ ಹಾಗಿಲ್ಲ.

ತೋಟದ ಮನೆ:
ನಾವು ಮೂಡಿಗೆರೆ ಕಡೆಯವರು. ಪುಡಿಯ ಬಗ್ಗೆ ಯಾರೂ ಮಾತಾಡಿಲ್ಲ, ಹಾಗಾಗಿ ಹೇಳುತ್ತೇನೆ. ಎಲ್ಲ ಕಾಫಿಯೂ ಒಂದೇ ಅಲ್ಲ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ. ರೊಬಸ್ಟಾ ಗಟ್ಟಿ, ಕಹಿ. ಲೋಟದಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ ಅಂತ ಹೋಟೆಲ್ ಪುಡಿಗೆ ಅದನ್ನೇ ಜಾಸ್ತಿ ಸೇರಿಸುತ್ತಾರೆ. ಕಾಫಿ ಮತ್ತೆ ಶುರು ಮಾಡುವವರು ಒಳ್ಳೆ ಅರೇಬಿಕಾ ತಗೊಳ್ಳಿ. ನಮ್ಮಲ್ಲಿ ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಎಸ್ 795 ತಳಿ ಇದೆ. ಹದವಾಗಿ ಹುರಿದರೆ ಪರಿಮಳ ಮನೆ ತುಂಬುತ್ತದೆ. ತೆಳ್ಳಗೆ ಡಿಕಾಕ್ಷನ್ ಇಳಿಸಿದರೂ ರುಚಿ ಬಿಟ್ಟುಕೊಡಲ್ಲ.

ಸಕಲೇಶಪುರದಲ್ಲಿ ಎರಡೂ ಬೆಳೆಯುತ್ತಾರೆ. ಈ ಅಕ್ಕನ ಮನೆಯಲ್ಲಿ ಯಾವುದು?

ಸಕಲೇಶಪುರ ಸೊಸೆ:
ಕೆಳಗಿನ ತೋಟದಲ್ಲಿ ರೊಬಸ್ಟಾ, ಮೇಲೆ ಸ್ವಲ್ಪ ಅರೇಬಿಕಾ. ಮನೆಗೆ ಎರಡನ್ನೂ ಸೇರಿಸಿ ಪುಡಿ ಮಾಡಿಸುತ್ತೇವೆ. ಅರೇಬಿಕಾ ಬೇರೆ ಹುರಿಸಿಡಲು ಅತ್ತೆಗೆ ಹೇಳುತ್ತೇನೆ.

ಎಂಬತ್ತು ಇಪ್ಪತ್ತು:
ಚಿಕೋರಿ ಸೇರಿಸಿದರೆ ಕೆಫೀನ್ ತಾನಾಗಿ ಕಡಿಮೆ ಆಗುತ್ತಲ್ಲ? ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲವೇ ಇಲ್ಲ. 60-40 ಪುಡಿ ತಗೊಂಡರೆ ಆಯಿತು.

ತೋಟದ ಮನೆ:
ಚಿಕೋರಿ ಕುಡಿಯುವುದಾದರೆ ಕಾಫಿ ಅಂತ ಯಾಕೆ ಕರೆಯಬೇಕು? ಪ್ಯಾಕೆಟ್‌ನಲ್ಲಿ ಚಿಕೋರಿ ಶೇ. 49 ದಾಟಬಾರದು ಅಂತ ನಿಯಮ ಇದೆ. ಅರ್ಧದ ಹತ್ತಿರ ಚಿಕೋರಿ ಇದ್ದರೂ ಮಾರಬಹುದು. ಬೆಳೆದವರಿಗೆ ಇದು ನೋವಿನ ವಿಷಯ.

ಎಂಬತ್ತು ಇಪ್ಪತ್ತು:
ಚಿಕೋರಿ ಹಾಕಿದ ಕಾಫಿ ಕುಡಿದೇ ನಾವೆಲ್ಲ ಬೆಳೆದಿದ್ದೇವೆ ಸರ್. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಆ ರುಚಿಯೇ ಕಾಫಿ ರುಚಿ. ಅದನ್ನು ಕಡಿಮೆ ಮಾಡಿ ಮಾತಾಡಬೇಡಿ.

ಮೈಸೂರು ಡಯಟಿಷಿಯನ್:
ಇಬ್ಬರ ಜಗಳದ ಮಧ್ಯೆ ಒಂದು ಮಾತು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ನಿಜ. ಆದರೆ ಇನುಲಿನ್ ಅನ್ನುವ ನಾರಿನಂಶ ಇದೆ. ಕೆಲವರಿಗೆ ಅದು ಗ್ಯಾಸ್ ತರುತ್ತದೆ. ಆಪರೇಷನ್ ಆದ ಹೊಸದರಲ್ಲಿ ಗ್ಯಾಸ್ ನೋವು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೆ ಗೊತ್ತು. ನಿಮ್ಮ ಹೊಟ್ಟೆ ಏನು ಹೇಳುತ್ತದೆ ನೋಡಿ.

ನ್ಯೂಜೆರ್ಸಿ ಕನ್ನಡತಿ:
ನನಗೆ ಇಲ್ಲಿ ಬೈಪಾಸ್ ಆಯಿತು. ಇಲ್ಲೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ನಮ್ಮ ಸೆಂಟರ್‌ನಲ್ಲಿ ಮೊದಲು ಡಿಕಾಫ್ (ಕೆಫೀನ್ ತೆಗೆದ ಕಾಫಿ) ಕುಡಿದು ನೋಡಿ ಅಂದರು. ಡಿಕಾಫ್ ಅಂದರೆ ಕೆಫೀನ್ ಪೂರ್ತಿ ಸೊನ್ನೆ ಅಂದುಕೊಳ್ಳಬೇಡಿ, ಸ್ವಲ್ಪ ಉಳಿದಿರುತ್ತದೆ. ಆಸಿಡ್ ಅಂತೂ ಅದರಿಂದಲೂ ಹೆಚ್ಚುತ್ತದೆ. ನನಗೆ ಡಿಕಾಫ್ ಕುಡಿದಾಗಲೂ ಎದೆ ಉರಿಯಿತು. ಇನ್ನೂ ಸ್ವಲ್ಪ ದಿನ ಕಾದು ಕುಡಿದೆ, ಆಗ ಸರಿಯಾಯಿತು.

ಇಲ್ಲಿಯ ನಿಜವಾದ ಅಪಾಯ ಅಂಗಡಿ ಕಾಫಿ. ಕ್ಯಾರಮೆಲ್, ಕ್ರೀಮ್ ಹಾಕಿದ ದೊಡ್ಡ ಗ್ಲಾಸ್ ಕಾಫಿಯಲ್ಲಿ ಒಂದು ಊಟದ ಕ್ಯಾಲರಿ ಇರುತ್ತದೆ. ನೀರಾದ್ದರಿಂದ ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದಿಲ್ಲ, ಸರಾಗವಾಗಿ ಇಳಿದುಹೋಗುತ್ತದೆ. ಇಲ್ಲಿ ಇಳಿದ ತೂಕ ವಾಪಸ್ ಬಂದವರ ಜೊತೆ ಮಾತಾಡಿದಾಗಲೆಲ್ಲ ಈ ಗ್ಲಾಸ್ ಹೆಸರು ಬರುತ್ತದೆ.

ಅರ್ಧ ಚಮಚ ಸಕ್ಕರೆ:
ಇದನ್ನೇ ಹೇಳಬೇಕು ಅಂತ ಕಾಯುತ್ತಿದ್ದೆ. ಎಲ್ಲರೂ ಕಾಫಿ ಕಾಫಿ ಅಂತೀರಿ. ನಮ್ಮ ಲೋಟದಲ್ಲಿ ಕಾಫಿ ಎಷ್ಟಿರುತ್ತದೆ? ಮುಕ್ಕಾಲು ಹಾಲು, ಎರಡು ಚಮಚ ಸಕ್ಕರೆ. ಎರಡು ಚಮಚ ಸಕ್ಕರೆಗೆ ಸುಮಾರು 40 ಕ್ಯಾಲರಿ. ನೂರು ಮಿಲಿ ಟೋನ್ಡ್ ಹಾಲಿಗೆ ಸುಮಾರು 60. ಒಟ್ಟು ನೂರು. ದಿನಕ್ಕೆ ನಾಲ್ಕು ಸಲ ಅಂದರೆ 400. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಇಡೀ ದಿನಕ್ಕೆ ಒಳಗೆ ಹೋಗುವುದೇ ಎಂಟುನೂರು ಕ್ಯಾಲರಿ ಆಸುಪಾಸು. ಅರ್ಧ ಅದಕ್ಕೇ ಹೋಯಿತು.

ಹಾಲು ಪರವಾಗಿಲ್ಲ, ನೂರು ಮಿಲಿಗೆ ಮೂರು ಗ್ರಾಂ ಪ್ರೋಟೀನ್ ಸಿಗುತ್ತದೆ. ಸಕ್ಕರೆಯಲ್ಲಿ ಏನಿದೆ?

ಕೊಡಗಿನ ಕಾಫಿ:
ಹಾಗಾದರೆ ಬೆಲ್ಲದ ಕಾಫಿ ಕುಡಿಯಬಹುದಲ್ಲ? ನಮ್ಮ ಅಜ್ಜಿಯಂದಿರು ಬೆಲ್ಲ ಹಾಕಿದ ಕರಿ ಕಾಫಿಯನ್ನೇ ಕುಡಿದು ತೋಟದಲ್ಲಿ ದುಡಿದವರು. ಬೆಲ್ಲದಲ್ಲಿ ಕಬ್ಬಿಣಾಂಶವೂ ಇದೆ.

ಅರ್ಧ ಚಮಚ ಸಕ್ಕರೆ:
ಬೆಲ್ಲವೂ ಸಕ್ಕರೆಯೇ ಅಣ್ಣ. ಕ್ಯಾಲರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಸಣ್ಣ ತುಂಡು ಬೆಲ್ಲದಲ್ಲಿರುವ ಕಬ್ಬಿಣ ಲೆಕ್ಕಕ್ಕೆ ಬರಲ್ಲ. ಇರುವಷ್ಟನ್ನೂ ಕಾಫಿಯೇ ಹಿಡಿದುಕೊಳ್ಳುತ್ತದೆ.

ಬೈಪಾಸ್ ಆದವನು:
ಬೆಲ್ಲದ ಬಗ್ಗೆ ನನ್ನ ಅನುಭವ ಕೇಳಿ. ನಾನು ಕಾಫಿ ಬಿಟ್ಟವನು, ಆದರೆ ಒಂದು ಗೃಹಪ್ರವೇಶದಲ್ಲಿ ಪಾನಕ ಕೊಟ್ಟರು. ದೇವರ ಪಾನಕ, ಬೇಡ ಅನ್ನಲು ಆಗಲಿಲ್ಲ. ಒಂದು ಲೋಟ ಪೂರ್ತಿ ಕುಡಿದೆ. ಸ್ವಲ್ಪ ಹೊತ್ತಿಗೇ ಎದೆ ಡಬಡಬ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿದ ಹಾಗೆ. ಚಾಪೆ ಮೇಲೆ ಮಲಗಿಸಿದರು. ಆಮೇಲೆ ಡಾಕ್ಟರ್ ಹೇಳಿದರು, ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಕ್ಕರೆ ನೇರವಾಗಿ ಕರುಳಿಗೆ ನುಗ್ಗುತ್ತದೆ. ಕೆಲವರಿಗೆ ಕೂಡಲೇ ಆಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ಇದ್ದಕ್ಕಿದ್ದಂತೆ ಇಳಿದು ತಲೆ ಸುತ್ತುತ್ತದೆ. ಬೆಲ್ಲ, ಜೇನು, ಸಕ್ಕರೆ ಯಾವುದಾದರೂ ಅಷ್ಟೇ.

ಜಯನಗರ ನಾಲ್ಕನೇ ಬ್ಲಾಕ್:
ಪ್ರೋಟೀನ್ ಪುಡಿಯನ್ನು ಕಾಫಿಗೆ ಹಾಕಿ ಕುಡಿಯುವವರು ಯಾರಾದರೂ ಇದ್ದೀರಾ? ನನ್ನ ತಂಗಿ ಹಾಕಿದರೆ ಮೊಟ್ಟೆ ಒಡೆದ ಹಾಗೆ ಗಂಟುಗಂಟಾಗುತ್ತದೆ.

ನ್ಯೂಜೆರ್ಸಿ ಕನ್ನಡತಿ:
ಕುದಿಯುವ ಕಾಫಿಗೆ ನೇರವಾಗಿ ಹಾಕಬಾರದು. ವೇ ಪ್ರೋಟೀನ್ ಬಿಸಿಗೆ ಗಟ್ಟಿಯಾಗುತ್ತದೆ. ಮೊದಲು ಪುಡಿಯನ್ನು ತಣ್ಣನೆ ಹಾಲಿನಲ್ಲಿ ಚೆನ್ನಾಗಿ ಕದಡಿ. ಕಾಫಿ ಉಗುರುಬೆಚ್ಚಗಾದ ಮೇಲೆ ನಿಧಾನವಾಗಿ ಸೇರಿಸಿ. ಫ್ಲೇವರ್ ಇಲ್ಲದ ಪುಡಿ ಅಥವಾ ವೆನಿಲಾ ಚೆನ್ನಾಗಿರುತ್ತದೆ. ಬೆಳಿಗ್ಗೆಯೇ 20 ಗ್ರಾಂ ಪ್ರೋಟೀನ್ ಆದರೆ ದಿನ ಹಗುರ. ಕಾಫಿಗೆ ಅವಕಾಶ ಸಿಕ್ಕಿದ ಮೇಲೆ ನಾನು ಕುಡಿಯುವುದು ಹೀಗೆಯೇ.

ಎದೆಯುರಿ ಇದೆ:
ನಾನು ಬೇರೆ ಕಥೆ ಹೇಳಬೇಕು. ಸ್ಲೀವ್ ಆಗಿ ವರ್ಷದ ಮೇಲಾಯಿತು. ಮೂರು ತಿಂಗಳು ಬಿಟ್ಟೇ ಕಾಫಿ ಶುರು ಮಾಡಿದೆ. ಎಲ್ಲ ನಿಯಮ ಪಾಲಿಸಿದೆ. ಆದರೂ ರಾತ್ರಿ ಮಲಗಿದರೆ ಗಂಟಲಿಗೆ ಹುಳಿನೀರು ಬರುತ್ತಿತ್ತು. ಎರಡು ದಿಂಬು ಇಟ್ಟು ಮಲಗಿದೆ, ರಾತ್ರಿ ಊಟ ಬೇಗ ಮಾಡಿದೆ. ಕಡಿಮೆ ಆಗಲಿಲ್ಲ. ಎಂಡೋಸ್ಕೋಪಿಯಲ್ಲಿ ಅನ್ನನಾಳ ಕೆಂಪಾಗಿದೆ ಅಂದರು. ಕಾಫಿ ನಿಲ್ಲಿಸಿದ ಮೇಲೆ ಅರ್ಧಕ್ಕರ್ಧ ಕಡಿಮೆಯಾಗಿದೆ.

ತಿಂಗಳ ಲೆಕ್ಕ ಮುಗಿಯಿತು ಅಂತ ಎಲ್ಲರಿಗೂ ಕಾಫಿ ಒಗ್ಗುವುದಿಲ್ಲ. ಕೆಲವರು ನಿಜವಾಗಲೂ ಬಿಡಬೇಕಾಗುತ್ತದೆ. ನನಗೆ ಅದು ಸುಲಭ ಆಗಿಲ್ಲ. ಕಾಫಿ ಟೈಮಿಗೆ ಆಫೀಸಿನಲ್ಲಿ ಎಲ್ಲರೂ ಎದ್ದು ಹೋದಾಗ ನಾನೊಬ್ಬಳೇ ಕೂತಿರುತ್ತಿದ್ದೆ. ಈಗ ಫ್ಲಾಸ್ಕಿನಲ್ಲಿ ಕಷಾಯ ತಗೊಂಡು ಅವರ ಜೊತೆಯೇ ಹೋಗುತ್ತೇನೆ.

ಬೈಟು ಕಾಫಿ:
ಇದು ಓದಿ ನಿಜಕ್ಕೂ ಬೇಜಾರಾಯಿತು ಅಕ್ಕ. ಕಾಫಿ ಬಿಡುವುದು ಅಂದರೆ ಜನರ ಜೊತೆ ಕೂರುವುದನ್ನೂ ಬಿಟ್ಟ ಹಾಗೆ ಅನ್ನಿಸುತ್ತದೆ, ಅಲ್ವಾ? ಯಾವ ಕಷಾಯ ಮಾಡಿಕೊಳ್ಳುತ್ತೀರಿ?

ಎದೆಯುರಿ ಇದೆ:
ನಾವು ಶಿರಸಿ ಕಡೆಯವರು. ಕೊತ್ತಂಬರಿ ಬೀಜ ಜಾಸ್ತಿ, ಜೀರಿಗೆ ಅದರ ಅರ್ಧ, ಸ್ವಲ್ಪ ಮೆಂತ್ಯ. ಬೇರೆಬೇರೆ ಹುರಿದು ಪುಡಿ ಮಾಡಿಡುತ್ತೇವೆ. ಕಾಳುಮೆಣಸು, ಶುಂಠಿ ನನಗೆ ಉರಿ ತರುತ್ತದೆ, ಹಾಗಾಗಿ ಹಾಕಲ್ಲ. ನೀರಿನಲ್ಲಿ ಕುದಿಸಿ, ಸೋಸಿ, ಸ್ವಲ್ಪ ಹಾಲು ಹಾಕುತ್ತೇನೆ. ಬೆಲ್ಲ ಇಲ್ಲ. ಅದೇ ಲೋಟ, ಅದೇ ಬಿಸಿ, ಕೈಯಲ್ಲಿ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ.

ಕೊಡಗಿನ ಕಾಫಿ:
ಪೋಸ್ಟ್ ಹಾಕಿದ ಅಕ್ಕನ ಅತ್ತೆಗೆ ಇದನ್ನೇ ಹೇಳಿ. ಕಾಫಿ ಬೇಡ ಅಂದರೆ ಅವರಿಗೆ ಕೊಡಲು ಏನೂ ಇಲ್ಲದ ಹಾಗೆ ಆಗುತ್ತದೆ. "ಅತ್ತೆ, ಕಷಾಯ ಮಾಡಿಕೊಡಿ" ಅಂದರೆ ಖುಷಿಯಿಂದ ಮಾಡುತ್ತಾರೆ.

ಔಷಧಿ ಅಂಗಡಿ:
ಥೈರಾಯ್ಡ್ ಮಾತ್ರೆ ತಗೊಳ್ಳುವವರು ಇಲ್ಲಿ ತುಂಬಾ ಜನ ಇರಬಹುದು. ಅದನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಬೇಕು. ಕಾಫಿಗೆ ಮೊದಲು ಅರ್ಧದಿಂದ ಒಂದು ಗಂಟೆ ಬಿಡಿ. ಕಾಫಿ ಜೊತೆ ನುಂಗಿದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಮೇಲೆ ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆಯ ಅಂಕಿ) ಏರಿದೆ ಅಂತ ಡೋಸ್ ಹೆಚ್ಚಿಸಿಕೊಳ್ಳುತ್ತಾರೆ.

ಆಪರೇಷನ್ ಆದವರ ಮಾತ್ರೆಗಳು ಜಾಸ್ತಿ. ಐರನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಬೇಡ, ಎರಡು ಗಂಟೆ ಅಂತರ ಇರಲಿ. ಇವೆರಡೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇರಲಿ. ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ನನ್ನ ಗಿರಾಕಿಯೊಬ್ಬರು ಐರನ್ ಮಾತ್ರೆಯನ್ನು ಬೆಳಗಿನ ಕಾಫಿಯಲ್ಲೇ ನುಂಗುತ್ತಿದ್ದರು. ತಿಂಗಳುಗಟ್ಟಲೆ ದುಡ್ಡು ಕೊಟ್ಟು ಕೊಂಡ ಮಾತ್ರೆ, ಉಪಯೋಗ ಅಷ್ಟಕ್ಕಷ್ಟೇ.

ದಾವಣಗೆರೆ ಹುಡುಗ:
ವಿಷಯ ಬೇರೆ, ಕ್ಷಮಿಸಿ. ಈ ಆಪರೇಷನ್‌ಗೆ ಇನ್ಶೂರೆನ್ಸ್ ಸಿಗುತ್ತಾ? ನನ್ನ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 38, ಶುಗರ್ ಇದೆ.

ಬೈಟು ಕಾಫಿ:
ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮದ ಪ್ರಕಾರ ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಇಲ್ಲವಾದರೆ 35 ಅಥವಾ ಅದರ ಮೇಲಿದ್ದು ಹಾರ್ಟ್ ತೊಂದರೆ, ಜೋರಾದ ಸ್ಲೀಪ್ ಅಪ್ನಿಯಾ ಅಥವಾ ಹತೋಟಿಗೆ ಬಾರದ ಟೈಪ್ 2 ಶುಗರ್ ತರಹದ ಕಾಯಿಲೆ ಇರಬೇಕು. ಡಾಕ್ಟರ್ ಸಲಹೆಯ ಪತ್ರ ಬೇಕು. ನಿಮ್ಮ ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟಿದೆ ನೋಡಿಕೊಳ್ಳಿ. ಹೊಸ ಪೋಸ್ಟ್ ಹಾಕಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಸಕಲೇಶಪುರ ಸೊಸೆ:
ಎಲ್ಲರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಬರೆದುಕೊಂಡು ನಮ್ಮ ಡಯಟಿಷಿಯನ್‌ಗೆ ಫೋನ್ ಮಾಡಿದೆ. ಯಾಕೆ ಬೇಡ ಅಂತ ಬಿಡಿಸಿ ಕೇಳಿದ್ದಕ್ಕೆ ಅವರೂ ಬಿಡಿಸಿ ಹೇಳಿದರು. ಆರನೇ ವಾರದ ಚೆಕಪ್‌ನಲ್ಲಿ ಎದೆಯುರಿ ಇಲ್ಲ, ನೀರು ಪ್ರೋಟೀನ್ ಸರಿಯಾಗಿ ಹೋಗುತ್ತಿದೆ ಅಂತಾದರೆ ಶುರು ಮಾಡೋಣ ಅಂದರು. ಅರ್ಧ ಲೋಟ, ತೆಳ್ಳಗೆ, ಸಕ್ಕರೆ ಇಲ್ಲದೆ. ಖಾಲಿ ಹೊಟ್ಟೆಯಲ್ಲಿ ಬೇಡ. ತಿಂಡಿಯ ಜೊತೆಯೂ ಬೇಡ, ಅರ್ಧ ಗಂಟೆ ಬಿಟ್ಟು. ಐರನ್ ಮಾತ್ರೆಯನ್ನು ರಾತ್ರಿಗೆ ಹಾಕಿಕೊಟ್ಟಿದ್ದಾರೆ.

ಅತ್ತೆಗೆ ಈ ಮಾತುಗಳನ್ನೆಲ್ಲ ಓದಿ ಹೇಳಿದೆ. ಕಬ್ಬಿಣದ ವಿಷಯ ಕೇಳಿ ಅವರಿಗೆ ಗಾಬರಿಯಾಯಿತು. ಅವರಿಗೂ ರಕ್ತ ಕಡಿಮೆ, ಊಟ ಆದ ತಕ್ಷಣ ಕಾಫಿ ಕುಡಿಯುವ ಅಭ್ಯಾಸ.

ಬೈಪಾಸ್ ಆದವನು:
ಒಳ್ಳೆಯದಾಯಿತು. ಶುರು ಮಾಡಿದ ದಿನ ಹೇಗಾಯಿತು ಅಂತ ಬರೆಯಿರಿ. ನಾನು ಕುಡಿಯಲ್ಲ, ಆದರೆ ತಿಳಿದುಕೊಳ್ಳಬೇಕು.

ಎಂಬತ್ತು ಇಪ್ಪತ್ತು:
ಮೊದಲ ಸಲ ಕುಡಿಯುವಾಗ ತುಂಬಾ ಬಿಸಿ ಬೇಡ. ಡವರಾದಲ್ಲಿ ಚೆನ್ನಾಗಿ ಆರಿಸಿ. ಗುಟುಕು ಸಣ್ಣದಿರಲಿ. ಮೊದಲಿನ ಹಾಗೆ ಎತ್ತಿ ಕುಡಿಯಬೇಡಿ, ಗಾಳಿ ನುಂಗಿದರೆ ನೋವು ಬರುತ್ತದೆ.

ಹುಬ್ಬಳ್ಳಿ ಚಾ:
ಮೇಡಂ, ನಮ್ಮಣ್ಣನ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 8.6. ಫೆರಿಟಿನ್ 5. ಬಿ12 ಕೂಡ ಕಡಿಮೆ ಅಂತ ಗೆರೆ ಹಾಕಿದ್ದಾರೆ. ಐರನ್ ಮಾತ್ರೆ ತಂದು ಶುರು ಮಾಡಲೇನ್ರೀ? ಚಹಾ ಎರಡು ಕಪ್ಪಿಗೆ ಇಳಿಸುತ್ತೇನೆ ಅಂತ ಒಪ್ಪಿಕೊಂಡಿದ್ದಾನೆ.

ಮೈಸೂರು ಡಯಟಿಷಿಯನ್:
ಚಹಾ ಇಳಿಸಿದ್ದು ಒಳ್ಳೆಯದು, ಆದರೆ ಇಷ್ಟು ಕಡಿಮೆ ಇರುವಾಗ ನೀವೇ ಮಾತ್ರೆ ತಂದುಕೊಳ್ಳಬೇಡಿ. ಬೈಪಾಸ್ ಆದವರಿಗೆ ಮಾತ್ರೆ ಸಾಲದೆ ಐರನ್ ಅನ್ನು ಡ್ರಿಪ್‌ನಲ್ಲಿ ಕೊಡಬೇಕಾಗಬಹುದು. ಒಳಗೆ ಅಲ್ಸರ್ ಆಗಿ ರಕ್ತ ಹೋಗುತ್ತಿದೆಯಾ ಅಂತಲೂ ನೋಡಬೇಕು. ಮಲ ಕಪ್ಪಗೆ ಹೋಗುತ್ತಿದೆಯಾ, ನೋವಿನ ಮಾತ್ರೆ ನುಂಗುತ್ತಾರಾ ಕೇಳಿ. ಮಲ ಕಪ್ಪಗಿದ್ದರೆ ಕಾಯಬೇಡಿ, ಈಗಲೇ ಕರೆದುಕೊಂಡು ಹೋಗಿ. ಇಲ್ಲದಿದ್ದರೂ ಈ ವಾರವೇ ಆಪರೇಷನ್ ಮಾಡಿದ ಸರ್ಜನ್ ಹತ್ತಿರ ರಿಪೋರ್ಟ್ ತಗೊಂಡು ಹೋಗಿ.

ಹುಬ್ಬಳ್ಳಿ ಚಾ:
ಮಂಡಿನೋವಿಗೆ ಮಾತ್ರೆ ತಗೊಳ್ಳುತ್ತಾನೆ. ಸ್ಟ್ರಿಪ್ ನೋಡಿದೆ, ಅಸೆಕ್ಲೋಫೆನಾಕ್ ಅಂತ ಇದೆ. ಅದನ್ನು ಎತ್ತಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅಂಗಡಿ ಮುಚ್ಚಿಸಿ ಕರೆದುಕೊಂಡು ಹೋಗುತ್ತೇನೆ ರೀ.